ಹಾಲಿನ ಹೊತ್ತಿಗೆ ಕರೆಂಟು: ನಮ್ಮೂರ ಡೇರಿ ಕಟ್ಟಡಕ್ಕೆ ಸೋಲಾರ್ ಕೂರಿಸಿದ ದಾಖಲೆ

ತಿಪಟೂರು ತಾಲ್ಲೂಕಿನ ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ತಾರಸಿಯ ಮೇಲೆ 540 ವ್ಯಾಟಿನ ನಾಲ್ಕು ಸೋಲಾರ್ ಪ್ಯಾನೆಲ್, ಒಳಗೆ 150 ಎಎಚ್‌ನ (ಆಂಪಿಯರ್ ಅವರ್) ನಾಲ್ಕು ಟ್ಯೂಬುಲರ್, ಎಂದರೆ ಸೀಸದ, ಬ್ಯಾಟರಿ, ಒಂದು 3 ಕೆವಿಎ ಸೋಲಾರ್ ಇನ್ವರ್ಟರ್. 2025ರ ಯುಗಾದಿಗೆ ಮುಂಚೆ ಚಾಲೂ ಆಯಿತು. ಆಷಾಢದ ಗಾಳಿಯನ್ನೂ ಶ್ರಾವಣದ ಮೋಡವನ್ನೂ ದಾಟಿ ನಿಂತಿದೆ. ಒಟ್ಟು ಖರ್ಚು 2,41,600 ರೂಪಾಯಿ. ಅಕ್ಕಪಕ್ಕದ ಊರುಗಳ ಸಂಘದವರು ಬಂದು ನೋಡಿಕೊಂಡು ಹೋಗುತ್ತಿದ್ದಾರೆ. ಬಂದವರೆಲ್ಲ ಮೊದಲು ಕೇಳುವುದು "ಎಷ್ಟು ಕಿಲೋವಾಟ್?" ಎಂದು. ಅದನ್ನು ಕೊನೆಯಲ್ಲಿ ಕೇಳಬೇಕು. ಕರೆಂಟು ಯಾವ ಹೊತ್ತಿಗೆ ಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು. ನಮ್ಮ ಕೆಲಸದ ಪ್ರತಿಯೊಂದು ತೀರ್ಮಾನವೂ ಆ ಒಂದು ಪ್ರಶ್ನೆಯಿಂದಲೇ ಹುಟ್ಟಿತು.

ನಮ್ಮಲ್ಲಿ ಹಾಲು ಹಾಕುವುದು ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ಐದರಿಂದ ಏಳೂವರೆ. ಬಿಸಿಲು ನೆತ್ತಿಗೇರಿದಾಗ ಡೇರಿಯ ಬಾಗಿಲು ಹಾಕಿರುತ್ತದೆ. ಕರೆಂಟು ಹೋಗುವುದು ಹೆಚ್ಚಾಗಿ ಸಂಜೆಗೆ. ಹೋದರೆ ಫ್ಯಾಟ್ ನೋಡುವ ಯಂತ್ರ ನಿಲ್ಲುತ್ತದೆ. ಆಗ ಮೊಬೈಲ್ ಬೆಳಕಿನಲ್ಲಿ ಲ್ಯಾಕ್ಟೋಮೀಟರ್ ಅದ್ದಿ, ಫ್ಯಾಟ್ ಜಾಗದಲ್ಲಿ ಹಿಂದಿನ ದಿನಗಳ ಸರಾಸರಿಯನ್ನು ಬರೆದುಕೊಳ್ಳುತ್ತಿದ್ದೆವು. ಹಾಲಿನ ದರ ನಿಂತಿರುವುದೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮೇಲೆ. ಒಂದೇ ಹಸು ಕಟ್ಟಿಕೊಂಡು ಎರಡು ಲೀಟರ್ ತರುವ ಅಜ್ಜಿಗೆ ಸರಾಸರಿ ಬರೆಯುವುದೆಂದರೆ ಅವರ ದುಡಿಮೆಯನ್ನು ಅಂದಾಜಿಗೆ ಕೊಂಡಂತೆ. ಆ ಮಾತು ಸರ್ವಸದಸ್ಯರ ಸಭೆಯಲ್ಲಿ ಬಂತು, ನ್ಯಾಯವಾಗಿಯೇ ಬಂತು. ನಮ್ಮ ಜಿಲ್ಲೆಯ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಎಷ್ಟೇ ಕರೆಂಟು ಹುಟ್ಟಿದರೂ ನಮ್ಮೂರಿನ ತಂತಿಯ ಮೇಲೆ ಗರಿ ಬಿದ್ದ ಸಂಜೆ ಅದು ನಮ್ಮ ಡೇರಿಯನ್ನು ತಲುಪುವುದಿಲ್ಲ.

ನಾನು ಈ ಸಂಘದ ನಿರ್ದೇಶಕರಲ್ಲಿ ಒಬ್ಬ. ಹೊಟ್ಟೆಪಾಡಿಗೆ ಮೋಟಾರ್ ರಿವೈಂಡಿಂಗ್ ಮತ್ತು ಮನೆ ವೈರಿಂಗ್ ಮಾಡುತ್ತೇನೆ. ಹಾಗಾಗಿ ಕೆಲಸದ ಉಸ್ತುವಾರಿ ನನ್ನ ಪಾಲಿಗೆ ಬಂತು.

ಹಂತ 1: ಲೋಡ್ ಪಟ್ಟಿ (ನವೆಂಬರ್ 2024)

ಯಂತ್ರದ ಹಿಂದೆ ಅಂಟಿಸಿದ ಚೀಟಿಯನ್ನು ನಂಬಲಿಲ್ಲ. ಸಾಕೆಟ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ತಂದು ಒಂದೊಂದನ್ನೇ ಅಳೆದೆವು. ಫ್ಯಾಟ್ ಯಂತ್ರ 40 ವ್ಯಾಟ್, ಹಾಲಿನ ನೊರೆಗುಳ್ಳೆ ತೆಗೆಯುವ ಸ್ಟಿರರ್ 25, ತೂಕದ ಯಂತ್ರ ಮತ್ತು ಹೊರಗಿನ ಅಂಕಿ ಫಲಕ 15, ಕಂಪ್ಯೂಟರ್ 120, ಚೀಟಿ ಪ್ರಿಂಟರ್ 20, ಆರು ಎಲ್ಇಡಿ ಟ್ಯೂಬ್ 120, ಮೂರು ಫ್ಯಾನ್ 225. ಒಟ್ಟು 565 ವ್ಯಾಟ್. ಎರಡು ಹೊತ್ತಿನ ಐದು ಗಂಟೆಗೆ 2.8 ಯೂನಿಟ್. ರಾತ್ರಿ ಉರಿಯುವ ಎರಡು ದೀಪ, ಹಗಲಿನಲ್ಲಿ ಕಾರ್ಯದರ್ಶಿಗಳ ಲೆಕ್ಕಪತ್ರದ ಕೆಲಸ ಸೇರಿಸಿದರೆ ದಿನಕ್ಕೆ ಸುಮಾರು 3.6 ಯೂನಿಟ್.

ಇದರಲ್ಲಿ ಸಂಜೆಯದು, ರಾತ್ರಿಯದು, ಮರುದಿನ ಬೆಳಗಿನದು ಸೇರಿ 3.25 ಯೂನಿಟ್ ಬ್ಯಾಟರಿಯಿಂದಲೇ ಬರಬೇಕು. ಎಂದರೆ ನಮಗೆ ಬ್ಯಾಟರಿಯೇ ಮುಖ್ಯ, ಪ್ಯಾನೆಲ್ ಇರುವುದು ಅದನ್ನು ತುಂಬಿಸಲಿಕ್ಕೆ. 12 ವೋಲ್ಟ್ 150 ಎಎಚ್‌ನ ನಾಲ್ಕು ಬ್ಯಾಟರಿಯಲ್ಲಿ 7.2 ಯೂನಿಟ್ ಹಿಡಿಯುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂದು ಇಟ್ಟುಕೊಂಡರೆ 3.6. ಇನ್ವರ್ಟರಿನ ನಷ್ಟ ಕಳೆದರೆ ಅಲ್ಲಿಗಲ್ಲಿಗೆ ಸರಿಹೋಗುತ್ತದೆ.

ಕ್ಯಾನ್ ತೊಳೆಯಲು ನೀರು ಕಾಯಿಸುವ 2 ಕಿಲೋವಾಟ್ ಗೀಸರನ್ನು ಇದರಿಂದ ಹೊರಗಿಟ್ಟೆವು. ನಮ್ಮಲ್ಲಿ ಹಾಲು ಶೀತಲೀಕರಣ ಯಂತ್ರವೂ ಇಲ್ಲ. ಕ್ಯಾನು ವಾಹನಕ್ಕೆ ಹೋಗುತ್ತದೆ. ಶೀತಲೀಕರಣ ಯಂತ್ರ ಇರುವ ಸಂಘದವರು ಈ ಲೆಕ್ಕ ಹಿಡಿದು ಹೊರಡಬೇಡಿ. ಕಂಪ್ರೆಸರ್ ಸೇರಿದರೆ ಲೆಕ್ಕವೇ ಬೇರೆ.

ಒಂದು ಪರೀಕ್ಷೆ ಮಾತ್ರ ಎಲ್ಲರೂ ಮಾಡಿ ನೋಡಬೇಕು. ಮನೆಯೊಂದರಿಂದ ಒರಟು ಅಲೆಯ ಕರೆಂಟು ಕೊಡುವ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ತಂದು ಫ್ಯಾಟ್ ಯಂತ್ರ ಓಡಿಸಿ ನೋಡಿದೆವು. ಒಂದೇ ಪಾತ್ರೆಯ ಹಾಲಿಗೆ ಒಮ್ಮೆ 3.9, ಇನ್ನೊಮ್ಮೆ 4.3 ತೋರಿಸಿತು. ಲೈನ್ ಕರೆಂಟಿನಂತೆ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರಿಗೆ ಹಾಕಿದಾಗ 3.9 ಮತ್ತು 4.0ರ ನಡುವೆ ನಿಂತಿತು. ದರಪಟ್ಟಿ ಕೇಳುವಾಗ "ಪ್ಯೂರ್ ಸೈನ್ ವೇವ್" ಎಂದು ಬರೆಸಿದ್ದು ಇದಕ್ಕೇ.

ಹಂತ 2: ನೆರಳು (ಡಿಸೆಂಬರ್)

ನೆರಳು ಉದ್ದವಾಗಿ ಬೀಳುವುದು ಡಿಸೆಂಬರ್ ಕೊನೆಯಲ್ಲಿ. ಆಗ ಸೂರ್ಯ ದಕ್ಷಿಣಕ್ಕೆ ಸರಿದು, ನಮ್ಮ ಭಾಗದಲ್ಲಿ ನಡುಮಧ್ಯಾಹ್ನಕ್ಕೂ 53 ಡಿಗ್ರಿ ಎತ್ತರಕ್ಕೇ ನಿಲ್ಲುತ್ತಾನೆ. ಆಗ ಬಿಸಿಲು ಬೀಳುವ ಜಾಗಕ್ಕೆ ವರ್ಷವಿಡೀ ದಕ್ಷಿಣದ ನೆರಳಿನ ಭಯವಿಲ್ಲ. ತಾರಸಿ ಗುಡಿಸಿ, ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆಯವರೆಗೆ ಗಂಟೆಗೊಮ್ಮೆ ಹತ್ತಿ, ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದೆವು. ನೀರಿನ ಟ್ಯಾಂಕಿನ ನೆರಳು ಆಗ್ನೇಯ ಮೂಲೆಯಿಂದ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತ್ತು. ದಕ್ಷಿಣದ ಮೂರಡಿ ಮೋಟುಗೋಡೆಯ ನೆರಳು ಮಧ್ಯಾಹ್ನಕ್ಕೆ ಎರಡಡಿ ಚಿಲ್ಲರೆ.

ತೊಡಕಾದದ್ದು ಪಶ್ಚಿಮದ ತೆಂಗಿನ ಸಾಲು. ಮೂರು ಗಂಟೆಯ ಹೊತ್ತಿಗೆ ಎರಡು ಮರಗಳ ತಲೆಯ ನೆರಳು ತಾರಸಿಯ ಮೂರನೆಯ ಒಂದು ಭಾಗವನ್ನು ತಿನ್ನುತ್ತಿತ್ತು. ಮರಗಳು ಪಕ್ಕದ ಜಮೀನಿನವರದು, ಅವರೂ ಸಂಘದ ಸದಸ್ಯರೇ. ಕಡಿಸಬಹುದೇ ಎಂದು ಸಭೆಯಲ್ಲಿ ಒಬ್ಬರು ಎತ್ತಿದರು. ತಿಪಟೂರು ಸೀಮೆಯಲ್ಲಿ ಫಸಲು ಕೊಡುವ ತೆಂಗನ್ನು ಕಡಿಯಿರಿ ಎಂದು ಕೇಳುವುದೇ ತಪ್ಪು ಎಂದು ನಾನು ಹೇಳಿದೆ. ಪ್ಯಾನೆಲ್‌ಗಳನ್ನೇ ಪೂರ್ವಕ್ಕೆ ಸರಿಸಿದೆವು. ನಾಲ್ಕೂ ಒಂದೇ ಸಾಲಿನಲ್ಲಿ, ಕೊನೆಯದಕ್ಕೂ ಮರದ ಗರಿಯ ತುದಿಗೂ ನಾಲ್ಕು ಮೀಟರ್ ಅಂತರ. ನೆರಳಿನ ಜೊತೆಗೆ ಬೀಳುವ ಗರಿ, ಕಾಯಿಗಳ ಅಪಾಯವೂ ತಪ್ಪಿತು.

ಹಂತ 3: ದರಪಟ್ಟಿ ಮತ್ತು ಠರಾವು (ಜನವರಿ 2025)

ಮೊದಲು ಬಂದ ದರಪಟ್ಟಿ ಬ್ಯಾಟರಿಯೇ ಇಲ್ಲದೆ ಲೈನಿಗೇ ಜೋಡಿಸುವ 5 ಕಿಲೋವಾಟ್ ಆನ್‌ಗ್ರಿಡ್ ವ್ಯವಸ್ಥೆಯದು. ನೋಡಲು ಅಗ್ಗ, ಬಿಲ್ಲೂ ಇಳಿಯುತ್ತದೆ. ಆದರೆ ಲೈನಿನಲ್ಲಿ ಕರೆಂಟು ಹೋದೊಡನೆ ಆ ಇನ್ವರ್ಟರ್ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವಕ್ಕಾಗಿ ಅದು ಹಾಗೆ ನಿಲ್ಲಲೇಬೇಕು. ನಮಗೆ ಬೇಕಾದದ್ದು ಕರೆಂಟು ಹೋದಾಗಿನ ಕರೆಂಟು. ಬ್ಯಾಟರಿ ಬಯಸುವ ಯಾವ ಸಂಸ್ಥೆಯೂ ಈ ವ್ಯತ್ಯಾಸವನ್ನು ಮೊದಲ ದಿನವೇ ಕೇಳಿ ತಿಳಿಯಬೇಕು. ದರಪಟ್ಟಿ ತಂದವರು ಇದನ್ನು ತಾವಾಗಿ ಹೇಳಲಿಲ್ಲ.

ಸಬ್ಸಿಡಿಯ ವಿಚಾರ: ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ನಮಗೂ ಸಿಗುತ್ತದೆ ಎಂದು ಸದಸ್ಯರು ನಂಬಿದ್ದರು. ಅದು ಮನೆಗಳಿಗೆ. ಡೇರಿ ಕಟ್ಟಡ ಮನೆಯಲ್ಲ. ಇದನ್ನು ಸಭೆಯಲ್ಲಿ ಮೊದಲೇ ಬಿಡಿಸಿ ಹೇಳಿದ್ದರಿಂದ ಮುಂದೆ ಮಾತು ಬೆಳೆಯಲಿಲ್ಲ. ಮೂರು ದರಪಟ್ಟಿ ತರಿಸಿ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ, ಕಟ್ಟಡ ನಿಧಿಯಿಂದ ಹಣ ತೆಗೆದೆವು. ಸಾಮಾನು ಬೇರೆಬೇರೆ ಕೊಂಡು, ಕೂರಿಸುವ ಕೂಲಿಯನ್ನು ಬೇರೆಯಾಗಿ ಮಾತನಾಡಿದೆವು.

ಲಿಥಿಯಂ ಬ್ಯಾಟರಿಯೋ ಸೀಸದ್ದೋ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ಲಿಥಿಯಂಗೆ ನೀರು ಹಾಕುವ ಗೊಡವೆಯಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ನಮ್ಮ ಸುತ್ತಿನಲ್ಲಿ ಅದನ್ನು ಬಿಚ್ಚಿ ನೋಡಬಲ್ಲವರು ಇಲ್ಲ. ಟ್ಯೂಬುಲರ್ ಆದರೆ ಪೇಟೆಯಲ್ಲಿ ಯಾವ ಬ್ಯಾಟರಿ ಅಂಗಡಿಯವರೂ ನೋಡುತ್ತಾರೆ, ಹಳೆಯದಕ್ಕೆ ಸೀಸದ ಬೆಲೆಯೂ ಸಿಗುತ್ತದೆ. ಹಾಗಾಗಿ ಟ್ಯೂಬುಲರ್.

ಹಂತ 4: ಕಾಂಕ್ರೀಟ್ ದಿಮ್ಮಿ, ಚೌಕಟ್ಟು (ಫೆಬ್ರವರಿ)

ತಾರಸಿ ಹಳೆಯದು, ಒಂದೆರಡು ಕಡೆ ಮೊದಲೇ ಸೋರುತ್ತಿತ್ತು. ಅದಕ್ಕೆ ಡ್ರಿಲ್ ಹಾಕಲು ಮೇಸ್ತ್ರಿ ಒಪ್ಪಲಿಲ್ಲ, ಅವರ ಮಾತೇ ಸರಿ. ತೂಕದ ದಿಮ್ಮಿಗಳ ಮೇಲೆ ನಿಲ್ಲಿಸಿದೆವು. 40×40×30 ಸೆಂಟಿಮೀಟರಿನ ಆರು ದಿಮ್ಮಿ, ತಲಾ ಸುಮಾರು 115 ಕಿಲೋ. ಆರೂ ತೊಲೆ ಮತ್ತು ಗೋಡೆ ಹಾದುಹೋಗುವ ಗೆರೆಯ ಮೇಲೆಯೇ ಇವೆ, ನಡುಚಪ್ಪಡಿಯ ಮೇಲೆ ಒಂದೂ ಇಲ್ಲ. ಹಸಿ ಕಾಂಕ್ರೀಟಿನಲ್ಲೇ ಜೆ ಬೋಲ್ಟ್ ಇಳಿಸಿ, ಗೋಣಿಚೀಲ ಹೊದಿಸಿ ಹತ್ತು ದಿನ ನೀರು ಹಾಕಿದೆವು.

ಇಷ್ಟು ತೂಕ ಏಕೆಂದರೆ ಗಾಳಿ. ನಮ್ಮ ಭಾಗಕ್ಕೆ ಎಂಜಿನಿಯರುಗಳು ಹಿಡಿಯುವ ವೇಗ ಸೆಕೆಂಡಿಗೆ 33 ಮೀಟರ್. ಪ್ಯಾನೆಲ್‌ಗಳ ಹತ್ತು ಚದರ ಮೀಟರ್ ಮೈಗೆ ಅದು ಕೊಡಬಹುದಾದ ಎತ್ತುವ ಬಲ ನನ್ನ ಲೆಕ್ಕದಲ್ಲಿ ಸುಮಾರು 680 ಕಿಲೋ. ದಿಮ್ಮಿ, ಕಬ್ಬಿಣ, ಪ್ಯಾನೆಲ್ ಎಲ್ಲ ಸೇರಿ 890 ಕಿಲೋ ಆಗುತ್ತದೆ. ಸಾಲದೆಂಬಂತೆ ಹಿಂದಿನ ಕಾಲುಗಳನ್ನು ಉತ್ತರದ ಮೋಟುಗೋಡೆಗೆ ಅಡ್ಡಪಟ್ಟಿಯಿಂದ ಬಿಗಿದೆವು.

ಚೌಕಟ್ಟು ಜಿಂಕ್ ಲೇಪದ ಕಬ್ಬಿಣದ್ದು. ಮುಂದಿನ ಕಾಲು 45 ಸೆಂಟಿಮೀಟರ್, ಹಿಂದಿನದು 80, ನಡುವೆ ಒಂದೂವರೆ ಮೀಟರ್. ಹಾಗೆ ನಿಲ್ಲಿಸಿದರೆ ಹದಿಮೂರು ಡಿಗ್ರಿ ಓರೆ ಬರುತ್ತದೆ, ನಮ್ಮ ಅಕ್ಷಾಂಶಕ್ಕೆ ಅಷ್ಟು ಸಾಕು. ಮುಖ ದಕ್ಷಿಣಕ್ಕೆ. ಮುಂದಿನ ಅಂಚಿನ ಕೆಳಗೆ ಪೊರಕೆ ಆಡುವಷ್ಟು ಜಾಗ ಬಿಟ್ಟಿದ್ದೇವೆ. ಇಲ್ಲದಿದ್ದರೆ ತೆಂಗಿನ ಕಸ ಸೇರಿ ಮಳೆನೀರು ನಿಲ್ಲುತ್ತದೆ.

ಹಂತ 5: ಪ್ಯಾನೆಲ್ ಮತ್ತು ಕೇಬಲ್

ಒಂದೊಂದು ಪ್ಯಾನೆಲ್ 28 ಕಿಲೋ, ಎರಡೂಕಾಲು ಮೀಟರಿಗಿಂತ ಉದ್ದ. ಮೆಟ್ಟಿಲು ತಿರುವಿನಲ್ಲಿ ಹಿಡಿಯದ ಕಾರಣ ಹೊರಗಿನಿಂದ ಏಣಿಗೆ ಹಲಗೆ ಕಟ್ಟಿ, ಹಗ್ಗದಲ್ಲಿ ಎಳೆದುಕೊಂಡೆವು. ಗಾಳಿ ಏಳುವ ಮೊದಲು, ಬೆಳಿಗ್ಗೆಯೇ.

ಕೂರಿಸಲು ಬಂದ ಹುಡುಗರು ನಾಲ್ಕನ್ನೂ ಒಂದೇ ಸರಣಿಯಲ್ಲಿ ಜೋಡಿಸಲು ಹೊರಟಿದ್ದರು. ನಮ್ಮ ಇನ್ವರ್ಟರ್ ತಾಳುವ ಗರಿಷ್ಠ 145 ವೋಲ್ಟ್. ಪ್ಯಾನೆಲ್ ಒಂದರ ತೆರೆದ (ಲೋಡ್ ಇಲ್ಲದಾಗಿನ) ವೋಲ್ಟೇಜ್ 49.5. ನಾಲ್ಕಾದರೆ 198, ಮೊದಲ ಬಿಸಿಲಿಗೇ ಇನ್ವರ್ಟರ್ ಸುಡುತ್ತಿತ್ತು. ಮೂರಾದರೂ 148.5, ಚಳಿಗಾಲದ ಬೆಳಿಗ್ಗೆ ಇನ್ನೂ ಏರುತ್ತದೆ. ಎರಡೆರಡರ ಎರಡು ಸರಣಿ ಮಾಡಿಸಿದೆವು. ಮಲ್ಟಿಮೀಟರ್‌ನಲ್ಲಿ ತಲಾ 97 ವೋಲ್ಟ್ ಬಂತು. ಎರಡು ಸರಣಿಗೂ ಪ್ರತ್ಯೇಕವಾಗಿ 6 ಚದರ ಮಿಲಿಮೀಟರಿನ ಸೋಲಾರ್ ಕೇಬಲ್, 15 ಮೀಟರ್ ದೂರ, ಪೈಪಿನೊಳಗೆ. ಕೆಳಗೆ ಬಂದ ಮೇಲೆ ಫ್ಯೂಸ್, ಡಿಸಿ ಎಂಸಿಬಿ, ಸರ್ಜ್ ರಕ್ಷಕ ಇರುವ ಪೆಟ್ಟಿಗೆ.

ಪ್ಯಾನೆಲ್ ಕೇಬಲ್ ಜೋಡಿಸುವ ಎಂಸಿ-4 ಕನೆಕ್ಟರುಗಳ ಒಳಗಿನ ಪಿನ್ನನ್ನು ಹುಡುಗರು ಕಟಿಂಗ್ ಪ್ಲೇಯರಿನಲ್ಲಿ ಅಮುಕಿದ್ದರು. ಕೈಯಲ್ಲಿ ಒಮ್ಮೆ ಜಗ್ಗಿದರೆ ತಂತಿಯೇ ಹೊರಬಂತು. 13 ಆಂಪಿಯರ್ ಡಿಸಿ ಹರಿಯುವಲ್ಲಿ ಸಡಿಲ ಸಂದು ಎಂದರೆ ಅದು ಬೆಂಕಿಯ ಮೂಲ. ಎಲ್ಲವನ್ನೂ ಕತ್ತರಿಸಿ, ಅದರದೇ ಕ್ರಿಂಪಿಂಗ್ ಟೂಲ್ ತರಿಸಿ ಹೊಸದಾಗಿ ಹಾಕಿಸಿದೆವು. ನಿಮ್ಮ ಕಡೆ ಯಾರೇ ಮಾಡಲಿ, ಮುಚ್ಚುವ ಮೊದಲು ಪ್ರತಿಯೊಂದನ್ನೂ ಜಗ್ಗಿ ನೋಡಿ.

ಬ್ಯಾಟರಿಗೆ ಹಿಂದಿನ ಉಗ್ರಾಣ ಗೊತ್ತುಮಾಡಿದ್ದೆವು, ಅಲ್ಲಿ ಪಶು ಆಹಾರದ ಮೂಟೆಗಳಿದ್ದವು. ಹಿಂಡಿಗೆ ಇಲಿ ಬರುತ್ತದೆ, ಬಂದ ಇಲಿ ಕೇಬಲ್ ಕಡಿಯುತ್ತದೆ. ಬ್ಯಾಟರಿ ಬಿಡುವ ಅನಿಲಕ್ಕೆ ಗಾಳಿಯಾಡಬೇಕು ಬೇರೆ. ಮೂಟೆಗಳನ್ನು ಮುಂದಿನ ಕೋಣೆಗೆ ಸಾಗಿಸಿ, ಉಗ್ರಾಣಕ್ಕೆ ಎದುರುಬದುರು ಜಾಲರಿ ಕಿಂಡಿ ಇಡಿಸಿದೆವು.

ಹಂತ 6: ಅರ್ತಿಂಗ್ (ಮಾರ್ಚ್)

ಮೂರು ಗುಂಡಿ: ಪ್ಯಾನೆಲ್ ಚೌಕಟ್ಟು ಮತ್ತು ಡಿಸಿಗೆ ಒಂದು, ಎಸಿಗೆ ಒಂದು, ಸಿಡಿಲು ನಿರೋಧಕಕ್ಕೆ ಒಂದು. ಮುಂಗಾರಿಗೆ ಮುಂಚಿನ ಗುಡುಗುಮಳೆ ನಮ್ಮಲ್ಲಿ ಜೋರು, ಈ ಖರ್ಚನ್ನು ಉಳಿಸಲು ಹೋಗಬಾರದು. ಮಾರ್ಚಿನ ಒಣ ಕೆಂಪು ಮಣ್ಣಿನಲ್ಲಿ, ಎರಡು ಮೀಟರ್ ಸರಳಿಗೆ ಅರ್ತ್ ಟೆಸ್ಟರ್ 14 ಓಮ್ ತೋರಿಸಿತು. ಬೇಕಾದದ್ದು 5ಕ್ಕಿಂತ ಕಡಿಮೆ. ಮೂರು ಮೀಟರ್ ದೂರದಲ್ಲಿ ಇನ್ನೊಂದು ಸರಳು ಇಳಿಸಿ ಎರಡನ್ನೂ ಪಟ್ಟಿಯಿಂದ ಬೆಸೆದು, ಸುತ್ತ ಬೆಂಟೊನೈಟ್ ಪುಡಿ ತುಂಬಿ, ನೀರು ಬಿಟ್ಟ ಮೇಲೆ 4.6ಕ್ಕೆ ಇಳಿಯಿತು. ಕ್ಯಾನ್ ತೊಳೆದ ನೀರು ಈಗ ಆ ಗುಂಡಿಗಳ ಪಕ್ಕದಲ್ಲೇ ಹರಿಯುತ್ತದೆ. ಬೇಸಿಗೆಯಲ್ಲೂ ನೆಲ ಒಣಗುವುದಿಲ್ಲ.

ಹಂತ 7: ನ್ಯೂಟ್ರಲ್ ಗೋಜಲು

ಕೆಲಸ ಬಹಳ ಕಾಲ ನಿಂತದ್ದು ಇಲ್ಲಿ. ಇನ್ವರ್ಟರಿನಿಂದ ಹೊರಡುವ ಲೈನಿಗೆ ಆರ್‌ಸಿಸಿಬಿ ಹಾಕಿದ್ದೆವು; ಹೋದ ಕರೆಂಟು ಪೂರ್ತಿ ತನ್ನ ಮೂಲಕವೇ ಹಿಂದಿರುಗದಿದ್ದರೆ ಲೈನ್ ಕಡಿದು ಜೀವ ಕಾಯುವ ಸ್ವಿಚ್ ಅದು. ಹಾಲಿನ ಕೋಣೆಯ ಯಂತ್ರಗಳನ್ನು ಮಾತ್ರ ಹಾಕಿದರೆ ಸುಮ್ಮನಿರುತ್ತಿತ್ತು. ಕಚೇರಿಯ ಟ್ಯೂಬಿನ ಸ್ವಿಚ್ ಒತ್ತಿದರೆ ಸಾಕು, ಟ್ರಿಪ್. ಟ್ಯೂಬ್ ಬದಲಿಸಿದೆವು, ಹೋಲ್ಡರ್ ಬದಲಿಸಿದೆವು, ಆರ್‌ಸಿಸಿಬಿಯನ್ನೇ ಬದಲಿಸಿದೆವು. ಅದೇ ಕಥೆ. "ಅಣ್ಣಾ, ಅದನ್ನು ತೆಗೆದು ನೇರ ಕೊಟ್ಟುಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ" ಎಂದ ಕೂರಿಸಲು ಬಂದ ಹುಡುಗ. ಒದ್ದೆ ನೆಲದಲ್ಲಿ, ಬರಿಗಾಲಲ್ಲಿ, ಕೈಯಲ್ಲಿ ಸ್ಟೀಲ್ ಪಾತ್ರೆ ಹಿಡಿದು ಹೆಂಗಸರು ಮಕ್ಕಳು ಸಾಲುಗಟ್ಟುವ ಜಾಗ ಅದು. ಆರ್‌ಸಿಸಿಬಿ ತೆಗೆಯುವ ಮಾತೇ ಇಲ್ಲ ಎಂದೆ.

ಹಳೆಯ ವೈರಿಂಗ್‌ನಲ್ಲಿ ಎಲ್ಲೋ ಇನ್ವರ್ಟರಿನ ನ್ಯೂಟ್ರಲ್ಲೂ ಲೈನಿನ ನ್ಯೂಟ್ರಲ್ಲೂ ಕೂಡಿವೆ ಎಂಬ ಅನುಮಾನ ಗಟ್ಟಿಯಾಯಿತು. ಎರಡೂ ಕಡೆ ಕರೆಂಟು ಪೂರ್ತಿ ತೆಗೆದು, ಬೋರ್ಡಿನಲ್ಲಿ ನ್ಯೂಟ್ರಲ್ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಮಲ್ಟಿಮೀಟರಿನಲ್ಲಿ ಯಾವುದು ಯಾವುದಕ್ಕೆ ಕೂಗುತ್ತದೆ ಎಂದು ಚೀಟಿ ಅಂಟಿಸುತ್ತ ಬಂದೆವು. ಕಚೇರಿ ಮತ್ತು ಸಭಾಂಗಣದ ನಡುವಿನ ಸೂರಿನ ಜಂಕ್ಷನ್ ಪೆಟ್ಟಿಗೆಯನ್ನು ಬಿಚ್ಚಿದಾಗ ಸಿಕ್ಕಿತು. ಸುಣ್ಣ ಮೆತ್ತಿಕೊಂಡ ಮುಚ್ಚಳದ ಒಳಗೆ ನಾಲ್ಕು ನ್ಯೂಟ್ರಲ್ ತಂತಿ ಹೆಣೆದು ಒಂದೇ ತಂತಿಗೆ ಸುತ್ತಿದ್ದರು. ಮೇಲಿನ ಟೇಪು ಒಣಗಿ ಪುಡಿಯಾಗಿತ್ತು, ಒಳಗಿನ ತಾಮ್ರ ಕಪ್ಪಗಾಗಿತ್ತು. ಹಾಲಿನ ಕೋಣೆಯ ಟ್ಯೂಬ್, ಕಚೇರಿ, ಸಭಾಂಗಣದ ಫ್ಯಾನ್, ಗೀಸರಿನ ಕೋಣೆಯ ದೀಪ ಎಲ್ಲದರ ಹಿಂದಿರುಗುವ ದಾರಿ ಅದೊಂದೇ.

ಸೋಲಾರ್‌ಗೆ ಸೇರಬೇಕಾದ ಲೋಡುಗಳಿಗೆಲ್ಲ ಹೊಸದಾಗಿ 2.5 ಚದರ ಮಿಲಿಮೀಟರಿನ ಫೇಸ್, ನ್ಯೂಟ್ರಲ್, ಅರ್ತ್ ಎಳೆದು ಬೇರೆ ಬೋರ್ಡಿಗೆ ತಂದೆವು. ಬೋರ್ಡಿಗೆ ಹಸಿರು ಬಣ್ಣ ಬಳಿದೆವು, ಮುಂದೆ ಯಾರೇ ರಿಪೇರಿಗೆ ಬಂದರೂ ಗೊಂದಲವಾಗಬಾರದು. 11,000 ರೂಪಾಯಿ ಹೆಚ್ಚುವರಿ ಬಿತ್ತು. ಯಾವ ದರಪಟ್ಟಿಯಲ್ಲೂ ಈ ಬಾಬತ್ತು ಇರಲಿಲ್ಲ. ಹಳೆಯ ಸಾರ್ವಜನಿಕ ಕಟ್ಟಡ ಎಂದರೆ ಇದನ್ನು ಮೊದಲೇ ಸೇರಿಸಿಕೊಳ್ಳಿ. ಆಗಾಗ ಯಾರೋ ಬಂದು ಅವಸರಕ್ಕೆ ಒಂದೊಂದು ತಂತಿ ಸೇರಿಸಿಹೋದ ವೈರಿಂಗ್ ಅದು.

ಹಂತ 8: ಚಾಲೂ ಮಾಡಿದ ಮೇಲೆ

ಮೊದಲ ವಾರ ನಡುಮಧ್ಯಾಹ್ನದ ಬಿಸಿಲಿನಲ್ಲಿ ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದರೆ ಪ್ಯಾನೆಲ್‌ಗಳಿಂದ ಬರುತ್ತಿದ್ದದ್ದು 3 ಆಂಪಿಯರ್. ಪ್ಯಾನೆಲ್ ಕೆಟ್ಟದ್ದು ಎಂಬ ಗುಲ್ಲೆದ್ದಿತು. ಕೆಟ್ಟಿರಲಿಲ್ಲ. ಇನ್ವರ್ಟರಿನ ಮೂಲ ಸೆಟ್ಟಿಂಗ್‌ನಲ್ಲಿ ಬೆಳಗಿನ ಹಾಲು ಮುಗಿದೊಡನೆ ಲೈನ್ ಕರೆಂಟಿನಿಂದಲೇ ಬ್ಯಾಟರಿ ತುಂಬುತ್ತಿತ್ತು. ಬಿಸಿಲು ಬರುವ ಹೊತ್ತಿಗೆ ಬ್ಯಾಟರಿಯಲ್ಲಿ ಜಾಗವೇ ಇರುತ್ತಿರಲಿಲ್ಲ. ಸೋಲಾರ್ ಮೊದಲು, ಬ್ಯಾಟರಿ ಆಮೇಲೆ, ಲೈನ್ ಕೊನೆಗೆ ಎಂದು ಬದಲಿಸಿದೆವು. ಬ್ಯಾಟರಿ ಅರ್ಧಕ್ಕಿಳಿದರೆ ಮಾತ್ರ ಲೈನಿನಿಂದ ಚಾರ್ಜ್.

ಚಾರ್ಜಿಂಗ್ ಮಿತಿಯನ್ನು 22 ಆಂಪಿಯರಿಗೆ ನಿಲ್ಲಿಸಿದ್ದೇವೆ. 150 ಎಎಚ್ ಬ್ಯಾಟರಿಗೆ ಅದಕ್ಕಿಂತ ಜೋರಾಗಿ ತುಂಬಿಸಿದರೆ ಕಾಯುತ್ತದೆ, ನೀರು ಬೇಗ ಇಂಗುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಪ್ಯಾನೆಲ್‌ಗಳ ಶಕ್ತಿ ಸ್ವಲ್ಪ ಉಳಿದುಹೋಗುತ್ತದೆ, ನಿಜ. ಆದರೆ ಜುಲೈನ ಮೋಡದಲ್ಲಿ ಅದೇ ಹೆಚ್ಚುವರಿ ಕೈ ಹಿಡಿಯಿತು. ದಿನವಿಡೀ ಬಿಸಿಲು ಕಾಣದ ದಿನಗಳಲ್ಲಿ ಮಾತ್ರ ಲೈನಿನ ಆಸರೆ ಬೇಕಾಯಿತು.

ಹಂತ 9: ನೋಡಿಕೊಳ್ಳುವುದು

ಪ್ಯಾನೆಲ್ ತೊಳೆಯಲು ನಮ್ಮ ಬೋರ್‌ವೆಲ್ ನೀರು ಆಗದು. ಒಣಗಿದರೆ ಗಾಜಿನ ಮೇಲೆ ಬಿಳಿ ಉಪ್ಪಿನ ಪೊರೆ ಕಟ್ಟುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದು, ಗಾಜು ಕಾಯುವ ಮೊದಲು, ಬಟ್ಟೆ ಸುತ್ತಿದ ಕೋಲಿನಿಂದ ಒರೆಸುತ್ತೇವೆ. ಅದೇ ಘಟಕದ ನೀರನ್ನು ಬ್ಯಾಟರಿಗೂ ಹಾಕಬಹುದು ಎಂದು ಕೆಲವರು ತಿಳಿದಿದ್ದಾರೆ. ಹಾಕಬಾರದು, ಅದರಲ್ಲಿ ಲವಣ ಉಳಿದಿರುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಉಗ್ರಾಣದ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಿದ್ದೇವೆ. ತಿಂಗಳಿಗೊಮ್ಮೆ ಬ್ಯಾಟರಿ ಆಸಿಡ್‌ನ ಸಾಂದ್ರತೆ ಹೇಳುವ ಹೈಡ್ರೋಮೀಟರ್ ಅಳತೆ ಪುಸ್ತಕಕ್ಕೆ ಹತ್ತುತ್ತದೆ. ತುಂಬಿದಾಗ 1.240 ಇರಬೇಕು.

ಎಲ್ಲರ ಕಟ್ಟಡವಾದ್ದರಿಂದ ಎಲ್ಲರಿಗೂ ಪ್ಲಗ್ ಬೇಕು. ಆಗಸ್ಟಿನಲ್ಲಿ ಗಣೇಶನ ಪೆಂಡಾಲಿಗೆ ಒಂದು ಲೈನ್ ಎಳೆದುಕೊಳ್ಳುತ್ತೇವೆ ಎಂದು ಹುಡುಗರು ಬಂದರು. ಅವರನ್ನು ಉಗ್ರಾಣಕ್ಕೆ ಕರೆದೊಯ್ದು, ಇನ್ವರ್ಟರಿನ ಪರದೆಯಲ್ಲಿ ಸಂಜೆಯ ಹಾಲಿಗೆ ಬೇಕಾದ ಕರೆಂಟು ಎಷ್ಟು, ಮೈಕ್ ಸೆಟ್ಟಿಗೆ ಎಷ್ಟು ಎಂದು ತೋರಿಸಿದೆವು. ಪೆಂಡಾಲಿನ ಬಾಗಿಲ ದೀಪ ಒಂದಕ್ಕೆ ಮಾತ್ರ ಕೊಟ್ಟೆವು, ಅವರೂ ಒಪ್ಪಿದರು. ಹಸಿರು ಬೋರ್ಡಿನಿಂದ ಹೊರಗೆ ತಂತಿ ಹೋಗಬಾರದು ಎಂಬ ಠರಾವು ಅದಾದ ಮೇಲೆ ಆಯಿತು. ಉಗ್ರಾಣದ ಬೀಗದ ಕೈ ಕಾರ್ಯದರ್ಶಿಗಳ ಬಳಿ ಒಂದು, ಹಾಲು ಅಳೆಯುವ ಅಕ್ಕನ ಬಳಿ ಒಂದು.

ಖರ್ಚಿನ ವಿವರ, ರೂಪಾಯಿಗಳಲ್ಲಿ

ಪ್ಯಾನೆಲ್ 58,000
ಇನ್ವರ್ಟರ್ 42,000
ಬ್ಯಾಟರಿ 62,000
ಚೌಕಟ್ಟು 14,500
ದಿಮ್ಮಿ 4,800
ಕೇಬಲ್, ಕನೆಕ್ಟರ್ 9,600
ಡಿಸಿ ಮತ್ತು ಎಸಿ ಪೆಟ್ಟಿಗೆ 8,500
ಅರ್ತಿಂಗ್, ಸಿಡಿಲು ನಿರೋಧಕ 13,200
ಹೊಸ ವೈರಿಂಗ್ 11,000
ಕೂಲಿ 15,000
ಸಾಗಣೆ 3,000

ನಾವು ಕೊಂಡಾಗ ಪ್ಯಾನೆಲ್ ಮೇಲೆ ಜಿಎಸ್‌ಟಿ 12 ಶೇಕಡಾ ಇತ್ತು. 2025ರ ಸೆಪ್ಟೆಂಬರ್ 22ರಿಂದ 5 ಶೇಕಡಾ ಆಗಿದೆ, ಈಗ ಕೊಳ್ಳುವವರಿಗೆ ಅಷ್ಟು ಹಗುರ. ಕರೆಂಟು ಬಿಲ್ಲಿನ ಉಳಿತಾಯವನ್ನೇ ನೋಡಿದರೆ ಈ ಹಣ ಬೇಗ ಹಿಂದಿರುಗುವುದಿಲ್ಲ. ಬ್ಯಾಟರಿಯನ್ನು ಕೆಲವು ವರ್ಷಗಳಲ್ಲಿ ಬದಲಿಸಲೇಬೇಕು, ಅದಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಬೇರೆ ಖಾತೆಗೆ ಹಾಕುತ್ತಿದ್ದೇವೆ. ಸದಸ್ಯರಿಗೆ ನಾನು ಹೇಳುವ ಲೆಕ್ಕ ಬೇರೆ. ಚಾಲೂ ಆದಂದಿನಿಂದ ಫ್ಯಾಟ್ ಪುಸ್ತಕದಲ್ಲಿ ಒಂದು ದಿನವೂ ಸರಾಸರಿ ಬರೆದಿಲ್ಲ.

ಬಾಕಿ ಇರುವ ಕೆಲಸ: ಮೂರು ಹಳೆಯ ಫ್ಯಾನ್ ತೆಗೆದು ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಬೇಕು. ಎರಡು ಹೊತ್ತಿನಲ್ಲಿ ಮುಕ್ಕಾಲು ಯೂನಿಟ್‌ಗೆ ಸಮೀಪ ಉಳಿಯುತ್ತದೆ, ಬ್ಯಾಟರಿಗೆ ಅಷ್ಟು ಬಿಡುವು. ಪಶ್ಚಿಮದ ತುದಿಯ ಪ್ಯಾನೆಲ್ ಕೆಳಗೆ ಪಾರಿವಾಳ ಗೂಡು ಕಟ್ಟಲು ನೋಡುತ್ತಿವೆ, ಮೊಟ್ಟೆ ಇಡುವ ಮೊದಲು ಸುತ್ತ ಜಾಲರಿ ಹೊಡೆಸಬೇಕು. ತಾರಸಿಯ ಹಳೆಯ ಸೋರಿಕೆಗೆ ಈ ಬೇಸಿಗೆಯಲ್ಲಿ ಮೇಸ್ತ್ರಿ ಬರುವುದಾಗಿ ಹೇಳಿದ್ದಾರೆ.